ಕೈ ನಿಲ್ಲಸಬ್ಯಾಡ, ಉತ್ತಮಾ

ನಿಲ್ಲಸಬ್ಯಾಡಪಾ... ತಿಕ್ಕು, ತಿಕ್ಕು! ಅಂಚು ಇನ್ನೂ ಒರಟ ಐತಿ. ಇಲ್ಲಿ ನೋಡು, ನನ್ನ ಸೆರಗ ಸಿಕ್ಕೊಳ್ಳತೈತಿ. ನೀನ ಹೇಳಿದ್ಯಲ್ಲ ಉತ್ತಮಾ, ಈ ಹೊಸಾ ಹಲಿಗಿ, ಅದೇನೋ ಎಮ್‌ಡಿಎಫ್ ಅಂತೀಯಲ್ಲ, ಇದರ ಮೈ ನುಣ್ಣಗಿದ್ರೂ ಕೊಯ್ದ ಅಂಚು ಹಂಗಿರೂದಿಲ್ಲ, ಬಣ್ಣಾ ಗಟಗಟ ಕುಡೀತೈತಿ ಅಂತ? ಮೊದಲ ಅಸ್ತರದ ಬಣ್ಣಾ ಹಚ್ಚಬೇಕು, ಒಣಗಬೇಕು, ಪಾಲಿಶ್ ಪೇಪರ್ ಹಿಡದ ತಿಕ್ಕಬೇಕು. ಮತ್ತ ಅಸ್ತರ, ಮತ್ತ ತಿಕ್ಕೂದು... ಹೌದಿಲ್ಲೊ? ಹಂಗಾದ್ರ ತಿಕ್ಕು!

ಯಾಕ ನಗತಿ? ಸೀತವ್ವಗ ಬಡಿಗತನ ಯಾವಾಗ ಬಂತು ಅಂತನಾ? ನಗು, ನಗು. ಈ ಪಾಲಬಾವಿ ಊರಾಗ ಇಂಥಾ ಕಪಾಟ ಯಾರ ಮನ್ಯಾಗೂ ಇಲ್ಲ. ನನ್ನ ಮಗಾ ರಾಜಾರಾಮ ನಿಪ್ಪಾಣ್ಯಾಗ ಯಾರದೋ ಬಂಗ್ಲೆದಾಗ ನೋಡಿ ಬಂದ. ಮದವಿ ಆಗಿ ವರ್ಷ ತುಂಬಿಲ್ಲ, ಹೆಂಡ್ತಿ ಸೀರಿ ಇಡಾಕ ಕಪಾಟ! ಎಷ್ಟ ಮಂದಿ ಗಂಡಸರು ಮಾಡ್ತಾರ ಹೇಳು? ಬಣ್ಣಾ ತರಾಕ ತಾನ ಚಿಕ್ಕೋಡಿಗೆ ಹೋಗ್ಯಾನ. ತಾ ಬರೂಮಟ ಮಿಸ್ತ್ರಿ ಕೈ ನಿಲ್ಲಬಾರದು ಅಂತ ನನಗ ಹೇಳಿ ಹೋಗ್ಯಾನ.

ಸ್ವಸಿ? ಸುಗಂಧಾ ತವರಿಗೆ ಹೋಗ್ಯಾಳ, ಕಾಗವಾಡಕ್ಕ. ನಿನ್ನೆ... ಅಲ್ಲ, ಮೊನ್ನೆ.

ಸಪ್ಪಳಾ? ಎಲ್ಲಿ?... ಹಾಂ, ಅದಾ! ಆಡಿನ ಮರಿ. ಕೋಣ್ಯಾಗ ಹಾಕಿ ಕೀಲಿ ಜಡದೈತಿ. ಹಿತ್ತಲದಾಗ ಬಿಟ್ರ ಬಳ್ಳಿ ಮೇಯತೈತಿ, ಏನ ಮಾಡೂದು! ಕಾಲಿಲೆ ಬಾಗಲಾ ಬಡೀತೈತಿ. ನೀ ಆ ಕಡೆ ನೋಡಬ್ಯಾಡ. ತಿಕ್ಕು.

ಒದರವಲ್ದು ಯಾಕಂದ್ರ... ಗಂಟಲಾ ಬಿದ್ದೈತಿ. ರಾತ್ರಿಯೆಲ್ಲಾ ಒದರಿ ಒದರಿ.

ಮತ್ತೇನ ನೋಡಾಕತ್ತಿ? ಚಪ್ಲಿ? ಹೂಂ, ಅಕೀವ. ಹೊಸಾವು ಮೆಟಗೊಂಡ ಹೋದ್ಲು. ಬಳಿ ಚೂರಾ? ಹೆಣಮಕ್ಕಳಿರೂ ಮನಿ, ಬಿದ್ದಿರ್ತಾವಪಾ! ಮಿಸ್ತ್ರಿ ಹಲಿಗಿ ನೋಡ್ತಾನೊ, ಮಂದಿ ಅಂಗಳಾ ನೋಡ್ತಾನೊ?

ಎದ್ಯಾಕ? ನೀರ ಬೇಕಾ? ಕೂಡು, ನಾ ತರತೀನಿ... ಅಲ್ಲ, ತರೂದಿಲ್ಲ. ನಾ ಇಲ್ಲಿಂದ ಏಳೂದಿಲ್ಲ. ಧೂಳಿಗೆ ಕೆಮ್ಮು ಬಂದ್ರ ಮೂಗಿನ ಅರಬಿ ಮ್ಯಾಲ ಏರಸಿ ಕಟಗೊ. ಅಕಿ ನಿನ್ನೆ ಸಂಜಿಂದ ಹನಿ ನೀರ ಕುಡದಿಲ್ಲ, ನಿನಗ ಇಷ್ಟರಾಗ...

ಯಾರಂದ್ರ? ಮರಿ! ಮರಿ ಅಂದ್ನಿ ನಾನು.

ಹಂಗ ನೋಡಬ್ಯಾಡ ಉತ್ತಮಾ. ಅವನ ಸಿಟ್ಟು ನಿನಗ ಗೊತ್ತಿಲ್ಲ. ನನ್ನ ಹೊಟ್ಯಾಗ ಹುಟ್ಟಿದಾವ, ನನಗ ಅಂಜಿಕಿ ಬರತೈತಿ. ನಿಪ್ಪಾಣಿ ಬಾಲವಾಡ್ಯಾಗ ನೌಕರಿ ಸಿಕ್ಕೈತಿ, ಹೊಂಟೆ ಅಂದ್ಲು. ಹೊಂಟೆ ಅಂತ! ಗಂಡನ ಮಾರಿಗೆ ಹಂಗ ಅಂತಾರೇನು? ಒಳಗ ಕೂತ್ರ ತಲಿ ತಣ್ಣಗಾಗತೈತಿ ಬಿಡು ಅಂದ. ನಾ ಏನ ಮಾಡ್ಲಿ? ಅಡ್ಡ ನಿಂತೆ, ನೂಕಿದ. ನೋಡಿಲ್ಲಿ, ಮೊಣಕೈ... ಬ್ಯಾಡ, ನೋಡಬ್ಯಾಡ. ತಿಕ್ಕು.

ಪೇಪರ್ ಯಾಕ ಕೆಳಗಿಟ್ಟಿ? ಅಂಚು ಉಳದೈತಲ್ಲ! ತಗೋ... ನಿನ್ನ ಕಾಲ ಬೀಳ್ತೀನಿ, ತಗೋ. ನಿನ್ನ ಕೈ ಸಪ್ಪಳದಾಗ ಆ ಬಡಿಯೂದು ನನ್ನ ಕಿವಿಗೆ ಬೀಳೂದಿಲ್ಲ. ಮುಂಜಾನಿಂದ ಅದಕ್ಕ... ಅದಕ್ಕ ನಿನ್ನ ತಿಕ್ಕು ತಿಕ್ಕು ಅನ್ನಾಕತ್ತೀನಿ.

ಬೈಯರೆ ಬೈಯಿ!

ತಡಿ.

ನೀ ತಿಕ್ಕಾಕತ್ತಿಲ್ಲ... ಹೌದಿಲ್ಲೊ? ಮತ್ತ ಏನೂ ಕೇಳಸವಲ್ದು ಯಾಕ? ಈಗರೆ ಬಡೀತಿದ್ಲಲ್ಲ... ಯಾವಾಗ ನಿಲ್ಲಿಸಿದ್ಲು? ನಿನಗ ಕೇಳಸ್ತೇನು? ಹೇಳಪಾ!

ಸುಗಂಧಾ... ಏ ಸುಗಂಧಾ! ಓ ಅನ್ನಬೇ... ಒಂದ ಸಲ ಬಾಗಲಾ ಬಡಿ ನನ್ನವ್ವಾ, ಒಂದ ಸಲ...

ಕೀಲಿ ರಾಜಾರಾಮನ ಕಡೆ ಐತಿ ಉತ್ತಮಾ. ನಿನ್ನ ಉಳಿ ಎಲ್ಲೈತಿ? ಹಚ್ಚು. ಒಡಿ! ಒಡಿಯೋ, ಬಾಗಲಾ ಒಡಿ!