ಮಕ್ಬೂಲನ ತಯಾರು ಮೈಗಳು

ಗಡಿಯೊಳಗ ಸತ್ತ ಜವಾನರ ಚಿತ್ರ ಈ ಬೀದರ ಜಿಲ್ಲಾದಾಗ ಯಾರ್ಯಾರ ಮನ್ಯಾಗ ತೂಗ್ಯಾವ, ಹೋಗಿ ನೋಡ್ರಿ. ಕೊರಳಿನ ಮ್ಯಾಲಿಂದು ಅವರದು. ಕೊರಳಿನ ಕೆಳಗಿಂದು ನಂದು. ಆ ಎದಿ ನಂದು, ಆ ಹೆಗಲು ನಂದು, ಸಲೂಟ್ ಹೊಡಿಯೋ ಆ ಬಲಗೈನೂ ನಂದೇ. ಮಕ್ಬೂಲ ಪೇಂಟರ ನನ್ನ ಎದುರಿಗೆ ನಿಂದ್ರಿಸಿ ಬರದಾನ. ಇಂಥಾ ಎದಿ ಬೀದರ ಕಿಲ್ಲಾದ ಗೋಡಿಗೂ ಇಲ್ಲ ಕಾಕಾ ಅಂತಿದ್ದ. ಸುಳ್ಳು ಅನಸಿದ್ರ ಅಂವನ್ನೇ ಕೇಳ್ರಿ. ಖಬರಸ್ತಾನದಾಗ ಬೇವಿನ ಗಿಡದ ಬಾಜು ಮಲಗ್ಯಾನ.

ನಗಬ್ಯಾಡ್ರಿ. ಖಾಸಿಂ ಅಲಿ, ನೀ ಚಹಾ ಸೋಸು. ಕರೆಂಟ್ ಬರೋ ತನಕ ಹೇಳ್ತೇನಿ. ಕೇಳಿದ ಮಾತಲ್ಲ ಇದು, ನಮ್ಮ ಬಾಜು ಮನಿ ಮಕ್ಬೂಲಗ ಆಗಿದ್ದು.

ಅವತ್ತ ರಾತ್ರಿ ಮಕ್ಬೂಲ ಪ್ಯಾಟ್ಯಾಗಿನ ದುಕಾನ ಮುಚ್ಚಿ ನೌಬಾದಕ್ಕ ನಡಕೋತ ಹೊಂಟಿದ್ದ. ಆಟೋ ನಿಂತು ಹೋಗಿದ್ದವು. ಸುರಂಗ ಬಾವಿ ಹತ್ತಿರ ಬಂದ... ಕಾಲು ತಾವೇ ಸಾವಕಾಶ ಆದವು. ಆ ಬಾವಿ ಗೊತ್ತದಲ್ಲ? ಬಾದಶಾಹಗಳು ನೆಲದೊಳಗ ಕಾಲುವಿ ಕೊರಸ್ಯಾರ, ಅದಕ್ಕ ಗಾಳಿ ಆಡ್ಲಾಕ ತಗದ ಬಾವಿ. ಬಾಯಿ ಸಣ್ಣದು, ಕೆಳಗ ಎಲ್ಲೋ ನೀರು ಹರಿತದ. ಹಗಲಿ ಕೇಳಸಂಗಿಲ್ಲ. ರಾತ್ರಿ ಕೇಳಸ್ತದ. ಗುಳು... ಗುಳು... ಅಂತ.

ಆ ರಾತ್ರಿ ಆ ಸಪ್ಪಳ ನಿಂತಿತ್ತು.

ಅಂವಗ ಅಷ್ಟು ತಡ ಯಾಕ ಆಗಿತ್ತು, ಅದನ್ನ ಮೊದಲ ಕೇಳ್ರಿ. ಅದು ದೆವ್ವಕ್ಕಿಂತ ಹೇಸಿಗಿ ಮಾತು.

ಸತ್ತ ಜವಾನರ ಚಿತ್ರ ಬರಿಯೋದ್ರಾಗ ಮಕ್ಬೂಲಂದು ದೊಡ್ಡ ಹೆಸರು. ಭಾಲ್ಕಿ, ಔರಾದ, ಎಲ್ಲಾ ಕಡಿಂದ ಹುಡುಕ್ಯಾಡಿ ಬರ್ತಿದ್ರು. ಫೋಟೋ ದೊಡ್ಡದು ಮಾಡಿ ಕೊಡೋ ದುಕಾನ ಓಣಿಗೊಂದು ಅವ, ಆದ್ರೂ ಹೆತ್ತವರಿಗಿ ಕೈಲೆ ಬರದದ್ದೇ ಬೇಕು. ಕೆಲಸ ಜಲ್ದಿ ಆಗ್ಲಿ ಅಂತ ಅಂವ ಒಂದು ಯುಕ್ತಿ ಹಚ್ಚಿದ್ದ. ಗಡಿಯೊಳಗ ಗುಂಡು ಹಾರ್ಯಾವ ಅಂತ ಟಿವಿಯಾಗ ಬಂತಂದ್ರ ಹಸಿರು ಬಣ್ಣ ಕಲಸಲಾಕ ಕೂಡ್ತಿದ್ದ. ವರ್ದಿ, ಗುಂಡಿ, ಪದಕ, ಸಲೂಟ್ ಹೊಡಿಯೋ ಕೈ... ಮೈ ಪೂರ್ತಿ ಬರದು ಗೋಡಿಗಿ ಆನಿಸಿ ಇಡ್ತಿದ್ದ. ಮುಖದ ಜಾಗ ಬೆಳ್ಳಗ ಖಾಲಿ. ಆ ಖಾಲಿ ಜಾಗದ ಬಾಜು ಸಲೂಟ್ ಎತ್ತಿದ ಕೈ. ಅಲ್ಲೆಲ್ಲೋ ಹುಡುಗ ಒಬ್ಬ ಊಟಕ್ಕ ಕುಂತಿರ್ತಾನ, ಅವ್ವಗ ಫೋನ್ ಹಚ್ಚಿ ನಗಾಡ್ತಿರ್ತಾನ... ಇಲ್ಲಿ ಅಂವನ ಮೈ ಆಗಲೇ ಒಣಗಿ ನಿಂತಿರ್ತದ.

ಹೆಂಡತಿ ಮರಿಯಮಬೀ ಆ ದುಕಾನದೊಳಗ ಕಾಲಿಡ್ತಿದ್ದಿಲ್ಲ. ಕಸಾಯಿ ಅಂಗಡಿಗಿ ಹೋದ್ರ ತಲಿನಾದ್ರೂ ಇರ್ತದ ಅಂತಿದ್ದಳು. ಮಕ್ಬೂಲ ನಕ್ಕು ಬಿಡ್ತಿದ್ದ. ಆದ್ರ ರೊಟ್ಟಿ ಮುರಿಯೋ ಮೊದಲ ಕೈ ಮೂಸಿ ನೋಡ್ಕೊಳ್ಳೋ ಚಟ ಅಂವಗ ಅಂಟಿತ್ತು.

ಇಂಥಾ ಕೆಲಸ ತಂದು ಕೊಡ್ತಿದ್ದಾಂವ ಅಶೋಕಕುಮಾರ. ಭಾಲ್ಕಿ ಕಡಿ ಲೀಡರ. ಚಿತ್ರ ನಾ ಕೊಡಸ್ತೇನಿ ಅಂತ ಸತ್ತವರ ಮನಿಗಿ ಮೊದಲ ಹೋಗಿ ಕೂಡ್ತಿದ್ದ. ಮಂಟಪ, ಮೈಕು, ಹಾರ, ಪರದೆ ಸರಸೋದು, ಎಲ್ಲಾ ಅಂವಂದೇ. ಅದಕ್ಕ ಒಂದೇ ಷರತ್ತು. ಚಿತ್ರದ ಕೆಳಗ ಅಂವನ ಮುಖ, ಕೈ ಮುಗಿದದ್ದು, ಬರಬೇಕು. ಜವಾನಂದಕ್ಕಿಂತ ಒಂದೆರಡು ಬೆರಳು ದೊಡ್ಡದೇ ಬರಬೇಕು.

ಅವತ್ತ ಖಟಕ ಚಿಂಚೋಳಿಯಿಂದ ಕೌಸಲ್ಯಾಬಾಯಿ ಅನ್ನೋ ಹೆಣಮಗಳನ್ನ ಕರಕೊಂಡು ಬಂದಿದ್ದ. ಆಕಿ ಮಗ ರಾಜರತ್ನ ಗಡಿಯೊಳಗ ಸತ್ತಿದ್ದ. ಆಕಿ ಹಂತ್ಯಾಕ ಇದ್ದದ್ದು ಒಂದೇ ಸಣ್ಣ ಫೋಟೋ, ಕೊರಳ ತನಕ. ಅಶೋಕಕುಮಾರನ ಬಾಯ್ತುಂಬ ಗುಟ್ಕಾ. ಮಾತಾಡ್ತ ಮಾತಾಡ್ತ ಒಂದು ಹನಿ ಆ ಫೋಟೋ ಮ್ಯಾಲ ಬಿತ್ತು. ಹೆಬ್ಬೆರಳಲೆ ತಿಕ್ಕಿದ. ಗುಟ್ಕಾದ ಕೆಂಪು ಹುಡುಗನ ಗಲ್ಲದ ತುಂಬ ಹರವಿತು. ನಾಳಿಗೇ ಕಾರ್ಯಕ್ರಮ ನೋಡು ಅಂತ ಹೇಳಿ, ಬಾಗಲ್ದಾಗ ಉಗುಳಿ, ಕಾರು ಹತ್ತಿದ.

ಕೌಸಲ್ಯಾಬಾಯಿ ಸೆರಗಿಲೆ ಫೋಟೋ ಒರಸಿ ಮಕ್ಬೂಲನ ಅಂಗೈಯಾಗ ಇಟ್ಟಳು.

"ಭಾಯಿ, ಮಗನ್ನ ತಂದ ಪೆಟ್ಟಿಗಿಗಿ ಮೊಳಿ ಬಡದಿದ್ರು. ತಗಿಬ್ಯಾಡ್ರಿ ಅಂದ್ರು. ಮಣ್ಣು ಕೊಟ್ಟೀವಿ, ಆದ್ರ ಒಳಗ ಇದ್ದಾಂವ ನನ್ನ ಮಗ ಹೌದೋ ಅಲ್ಲೋ, ನಾ ನೋಡಿಲ್ಲರಿ. ಅಳು ಬರವಲ್ದು. ನೀವು ಬರದದ್ದ ನೋಡಿ ಹೌದು ಅನ್ನೋ ಹಂಗ ಮಾಡ್ರಿ."

ಮಕ್ಬೂಲ ಹೂಂ ಅಂದ. ಆಕಿ ಬಸ್ಸು ಹತ್ತೂದ್ರೊಳಗ ಗೋಡಿ ಕಡಿಂದ ಒಂದು ಮೈ ಎಳದ. ಅದರ ಕೊರಳಿಗಿ ರಾಜರತ್ನನ ಮುಖ ಕೂಡಿಸಿದ. ಕೆಳಗ ಅಶೋಕಕುಮಾರನ ಮುಖ ಬರದ, ದೊಡ್ಡದಾಗಿ. ರಾತ್ರಿ ಆಯ್ತು. ಘಾಸಲೇಟ ಎಣ್ಣಿಲೆ ಕೈ ತೊಳದ, ಸಾಬಾಣ ಹಚ್ಚಿ ಮತ್ತ ತೊಳದ. ವಾಸನಿ ಹೋಗಲಿಲ್ಲ. ಶಟರ್ ಎಳದು ಕೀಲಿ ಹಾಕಿ ಹೊಂಟ.

ಈಗ ಬಾವಿಗಿ ಬರ್ರಿ.

ನೀರಿನ ಸಪ್ಪಳ ಇಲ್ಲ. ಮೊದಲ ಬಂದದ್ದು ನಾತ. ತೊಯ್ದ ಉಣ್ಣಿ ಬಟ್ಟಿ... ಸುಟ್ಟ ಕೂದಲ... ಅದರ ಮ್ಯಾಲ ಗುಟ್ಕಾದ ಸಿಹಿ ವಾಸನಿ. ಆಮ್ಯಾಲ ಸಪ್ಪಳ. ಟಿಕ್... ಟಿಕ್... ಸಡಲಾದ ಬೆಲ್ಟಿನ ಬಕ್ಕಲ್ ಕಲ್ಲಿಗಿ ಬಡಿತದಲ್ಲ, ಹಂಗ.

ಬಾವಿ ಕಟ್ಟಿ ಹತ್ತಿರ ಒಂದು ವರ್ದಿ ನಿಂತಿತ್ತು. ವರ್ದಿಯೊಳಗ ಮೈ ಇತ್ತು. ಕೊರಳಿತ್ತು.

ಕೊರಳಿನ ಮ್ಯಾಲ ಬೆಳ್ಳಗ... ಖಾಲಿ. ಕಣ್ಣಿಲ್ಲ, ಮೂಗಿಲ್ಲ. ಮಕ್ಬೂಲ ಬಣ್ಣ ಹಚ್ಚೋ ಮೊದಲ ಇರೋ ಚಿತ್ರದ ಅರಿವಿಯಂಗ. ಗಲ್ಲ ಇರಬೇಕಾದ ಜಾಗದಾಗ ಒಂದು ಕೆಂಪು ಹೆಬ್ಬೆರಳಿನ ಗುರ್ತು. ಅಷ್ಟೇ.

ಬಾಯಿ ಇಲ್ಲದ್ದು ಎಲ್ಲಿಂದ ಮಾತಾಡಬೇಕು? ದನಿ ಬಾವಿಯೊಳಗಿಂದ ಬಂತು. ಕೆಳಗಿಂದ.

"ಚಾಚಾ... ನನ್ನ ಮುಖ ನಿಮ್ಮ ಕಡಿ ಅದ. ಅದಕ್ಕ ಹಚ್ಚಿದ ಮೈ ಯಾರದು?"

ಯಾರದಂತ ನನಗ ಗೊತ್ತು, ನಿಮಗೂ ಈಗ ಗೊತ್ತು.

"ಅವ್ವ ಅದನ್ನ ಒಪ್ಪಂಗಿಲ್ರಿ..."

ಮಕ್ಬೂಲ ಓಡಿದ. ಮನಿ ಹೊಸ್ತಲದಾಗ ಕುಂತು ವಾಂತಿ ಮಾಡಿದ. ಹಸಿರು ಬಿತ್ತು ಅಂತ ಮರಿಯಮಬೀನೇ ನನಗ ಹೇಳ್ಯಾಳ, ವರ್ದಿದು ಹಸಿರು. ಆಕಿ ತಲಿಗಿ ನೀರು ಹಾಕಿದಳು, ಕುರಾನಿನ ಆಯತುಲ್ ಕುರ್ಸಿ ಓದಿ ಊದಿದಳು, ಚಾದರ ಹೊಚ್ಚಿದಳು. ಚಾದರದೊಳಗ ಅಂವಗ ಬಾವಿದು ನೆನಪಾಗಲಿಲ್ಲ. ಆ ಹೆಣಮಗಳದು ಆಯ್ತು. ಬೆಳಗಾದ್ರ ಆಕಿ ಪರದೆ ಮುಂದ ನಿಂತು, ಈ ಸುಳ್ಳ ಮೈ ನೋಡಿ, ಹೌದು ಅನ್ನಬೇಕು. ಇಲ್ಲಂದ್ರ ಅಲ್ಲ ಅಂದು ಬದಕಿರೋ ತನಕ ಆ ಪೆಟ್ಟಿಗಿ ನೆನಸ್ಕೋತ ಕೂಡಬೇಕು. ಮಕ್ಬೂಲಗ ತನ್ನ ಕೈ ಕಂಡು ಹೇಸಿಗಿ ಬಂತು. ಎದ್ದ. ಕೀಲಿ ತಗೊಂಡ. ಮರಿಯಮಬೀ ಬಾಗಲಿಗಿ ಅಡ್ಡ ನಿಂತಳು.

"ಬಾಜು ಸರಿ," ಅಂದ. "ಇಲ್ಲೇ ಕುಂತ್ರ ಈ ಕೈಲೆ ಉಣ್ಣಲಾಕ ಆಗಂಗಿಲ್ಲ ನನಗ. ಇನ್ನ ಮ್ಯಾಲ ಎಂದೂ."

ಬಾವಿ ಕಡಿ ನೋಡದಂಗ ದುಕಾನಕ್ಕ ಬಂದ. ಕೀಲಿ ಹಾಕಿದ್ದು ಹಾಕಿದಂಗೇ ಇತ್ತು. ಒಳಗಿಂದ ಸಪ್ಪಳ. ಕರ್ರ್... ಕರ್ರ್... ಒಣಗಿದ ಬಣ್ಣ ಚಾಕುಲೆ ಕೆರದಂಗ. ಶಟರ್ ಎತ್ತಿದ. ಸಪ್ಪಳ ನಿಂತಿತು.

ರಾಜರತ್ನನ ಮುಖ ಬರದಂಗೇ ಇತ್ತು. ಕೊರಳಿನ ಕೆಳಗ ಎಲ್ಲಾ ಕೆರದು ತಗದಿತ್ತು. ನೆಲದ ತುಂಬ ಹಸಿರು ಸುರುಳಿ, ಈರುಳ್ಳಿ ಸಿಪ್ಪಿಯಂಗ.

ಮೂಲ್ಯಾಗ ಅಂವ ನಿಂತಿದ್ದ. ಮುಖ ಇಲ್ಲ, ಮೈ ಅಷ್ಟೇ. ಬಡಕಲ ಮೈ. ಎದಿ ಉಬ್ಬಿದ್ದಿಲ್ಲ. ಎಡ ಹೆಗಲು ಬಲಕ್ಕಿಂತ ಕೆಳಗಿತ್ತು, ಎದ್ದು ಕಾಣೋವಷ್ಟು ಕೆಳಗ.

ಮಕ್ಬೂಲ ಬ್ರಶ್ ತಗೊಂಡ.

"ನಿಂದ್ರಪ್ಪಾ," ಅಂದ. "ಅಲ್ಲಾಡಬ್ಯಾಡ."

ಬೆಳಗಿನ ಅಜಾನ್ ಆಗೋ ತನಕ ಬರದ. ಅಜಾನ್ ಮುಗಿದ ಮ್ಯಾಲ ತಲಿ ಎತ್ತಿದ... ಮೂಲಿ ಖಾಲಿ. ನಾತ ಹೋಗಿತ್ತು. ಚಿತ್ರದ ಕೆಳಗ ಅಶೋಕಕುಮಾರ ಕೈ ಮುಗಕೊಂಡು ಹಲ್ಲು ಕಿಸಿತಿದ್ದ. ಅದನ್ನ ಯಾರೂ ಮುಟ್ಟಿದ್ದಿಲ್ಲ. ಮಕ್ಬೂಲ ನೆಲದ ಮ್ಯಾಲಿನ ಚಾಕು ಎತ್ತಿಕೊಂಡ. ಆ ಮುಖ ಕೆರದದ್ದು ದೆವ್ವ ಅಲ್ಲ, ಅಂವನೇ.

ಖಟಕ ಚಿಂಚೋಳಿಯೊಳಗ ಪರದೆ ಸರೀತು. ನಾ ಮುಂದಿನ ಸಾಲಿನ್ಯಾಗ ಇದ್ದೆ. ಅಶೋಕಕುಮಾರ ಮೈಕು ಹಿಡಕೊಂಡೇ ಚಿತ್ರದಾಗ ತನ್ನನ್ನ ಹುಡುಕಿದ. ಮ್ಯಾಲ ನೋಡಿದ, ಕೆಳಗ ನೋಡಿದ. ಮೆಲ್ಲತಿದ್ದ ಬಾಯಿ ನಿಂತಿತು. ತುಂಬಿದ ಸಭಾದಾಗ ಉಗಳಲಾಕೂ ಬರಂಗಿಲ್ಲ... ನುಂಗಿದ. ಗಟಕ್ ಅಂದದ್ದು ಮೈಕಿನ್ಯಾಗ ಇಡೀ ಊರಿಗಿ ಕೇಳಿತು.

ಕೌಸಲ್ಯಾಬಾಯಿ ಎದ್ದು ಬಂದಳು. ಮುಖ ನೋಡಲೇ ಇಲ್ಲ ಆಕಿ. ಎಡ ಹೆಗಲ ಮ್ಯಾಲ ಕೈ ಇಟ್ಟಳು.

"ತಂಗಿ ಸಪನಾನ್ನ ಹೊತ್ತು ಹೊತ್ತು ಇಳಿದ ಹೆಗಲು ಇದು," ಅಂದಳು. "ಹೌದು. ಇಂವ ನನ್ನ ಮಗ."

ಅಲ್ಲೇ ನೆಲಕ್ಕ ಕುಂತಳು. ಪೆಟ್ಟಿಗಿ ಬಂದ ದಿನ ಬರದ ಅಳು ಅವತ್ತ ಬಂತು.

ಫೋಟೋದಾಗ ಹೆಗಲು ಇದ್ದಿಲ್ಲ. ಮಕ್ಬೂಲಗ ಯಾರೂ ಹೇಳಿದ್ದಿಲ್ಲ. ಅಶೋಕಕುಮಾರ ಮತ್ತ ಅಂವಗ ಕೆಲಸ ಕೊಡಲಿಲ್ಲ, ಕೊಟ್ರೂ ಅಂವ ತಗೋತಿದ್ದಿಲ್ಲ. ದುಕಾನದಾಗ ಉಳಿದ ಮೈಗಳನ್ನೆಲ್ಲಾ ಕೆರದು ಹಾಕಿದ. ಅವತ್ತಿಂದ ಯಾರೇ ಬಂದ್ರೂ ಮೊದಲ ಅವ್ವಗ ಕೇಳ್ತಿದ್ದ, ಹುಡುಗ ಹ್ಯಾಂಗ ನಿಂದರತಿದ್ದ ಅಂತ.

ಆ ಚಿತ್ರ ಈಗ ಕೌಸಲ್ಯಾಬಾಯಿ ಮನ್ಯಾಗ ಬುದ್ಧನ ಫೋಟೋದ ಬಾಜು ಅದ. ಎಷ್ಟೋ ಬ್ಯಾಸಗಿ ಹೋದವು. ಎಲ್ಲಾ ಕಡಿ ಬಣ್ಣ ಒಣಗ್ಯಾದ. ಎಡ ಹೆಗಲ ಮ್ಯಾಲಿಂದಷ್ಟೇ ಒಣಗಿಲ್ಲ. ಇವತ್ತಿಗೂ ಮುಟ್ಟಿದ್ರ ಹಸಿರು ಹತ್ತತದ. ನಾ ಮುಟ್ಟೀನಿ, ಈ ಕೈಲೆ, ನೋಡ್ರಿ ಇಲ್ಲಿ...

ಖಾಸಿಂ ಅಲಿ ಚಹಾದ ಗ್ಲಾಸು ಕೆಳಗಿಟ್ಟ. ಕಂದೀಲ ಎತ್ತಿ ನನ್ನ ಬಲಗೈ ಹತ್ತಿರ ತಂದ.

"ಕಾಕಾ, ನಿಮ್ಮ ನಡುಬೆರಳು ಮೇವು ಕತ್ತರಸೋ ಮಷಿನ್ಯಾಗ ಹೋಗಿದ್ದು ನೀವು ಸಣ್ಣವರಿದ್ದಾಗ ಅಲ್ಲೇನ್ರಿ? ಮಕ್ಬೂಲ ಭಾಯಿ ಚಿತ್ರದಾಗ ಸಲೂಟ್ ಹೊಡಿಯೋ ಕೈಗಿ ಐದೂ ಬೆರಳು ಅವರೀ."

ಎಲ್ಲಾರೂ ನನ್ನ ಕೈ ನೋಡಿದ್ರು. ನಾನೂ ನೋಡಿದೆ.

ಹೆಗಲು ಹಾರಿಸಿದೆ. ದಿಲ್ದಾರ ಮನಷ್ಯಾ ಇದ್ದ ಮಕ್ಬೂಲ, ಒಂದು ಬೆರಳು ತನ್ನ ಕಡಿಂದ ಹಾಕ್ಯಾನ ಅಂದೆ. ಬೆರಳಿಂದು ಬಿಡ್ರಿ. ಬೆಳಗಾದ ಮ್ಯಾಲ ಭಾಲ್ಕಿ ಬಸ್ಸು ಹತ್ತಿ ಖಟಕ ಚಿಂಚೋಳಿಗಿ ಹೋಗ್ರಿ, ಹೆಗಲು ಮುಟ್ಟಿ ನೋಡ್ರಿ. ಬಿಳಿ ಅಂಗಿ ಮಾತ್ರ ಹಾಕ್ಕೊಂಡು ಹೋಗಬ್ಯಾಡ್ರಿ.