ಶಿಗ್ಗಾಂವ ಸ್ಟ್ಯಾಂಡಿನಲ್ಲಿ ಕೌಬಾಯ್ ಸಿನಿಮಾ

ಶಿಗ್ಗಾಂವ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಮದುವೆಯಾಗಿ ಬಹಳ ದಿನವಾಗಿರಲಿಕ್ಕಿಲ್ಲ. ನಡುವೆ ಬಟ್ಟೆ ತುಂಬಿದ ಬ್ಯಾಗಿತ್ತು. ಇಬ್ಬರೂ ಮೊಬೈಲಿನಲ್ಲಿ ನೋಡಿದ ಯಾವುದೋ ಕೌಬಾಯ್ ಸಿನಿಮಾದ ಮಾತು ನಡೆದಿತ್ತು.

“ಆ ಹೀರೋ ತನ್ನ ಖಾನಾವಳಿ ಬಿಟ್ಟು ಹೆಂಡತಿ ಸಂಗಾಟ ಯಾಕ ಹೋಗಲಿಲ್ಲರೀ?”

“ಬಯಲಾಗ ತಾನ ಕಟ್ಟಿದ್ದಲ್ಲ ಸುಧಾ. ಹೆಂಗ ಬಿಟ್ಟಾನು?”

“ಜಾಗಾ ಮಾರು ಅಂತ ಬಂದವರ ಕೈಯಾಗ ಬಂದೂಕ ಇದ್ದುವು.”

“ಅದು ಸಿನಿಮಾ.”

“ಮೊನ್ನಿ ನಮ್ಮ ಢಾಬಾಕ್ಕ ಬಂದು ಕುರ್ಚಿ ಮುರದು ಹೋದವರೂ ಸಿನಿಮಾದವರೇನು?”

ಅವನು ಸುತ್ತ ನೋಡಿ ದನಿ ಇಳಿಸಿದ.

“ಸಾವಕಾಶ ಮಾತಾಡು. ತಡಸದಾಗ ಹೈವೇ ಮಗ್ಗಲ ಅಂಥಾ ಜಾಗಾ ಮತ್ತ ಸಿಗೂದಿಲ್ಲ. ನೀ ತವರುಮನ್ಯಾಗ ಇರು. ಎಲ್ಲಾ ತಣ್ಣಗಾದ ಮ್ಯಾಲ ಬಂದು ಕರಕೊಂಡು ಹೋಗ್ತೇನಿ.”

“ಅಂವಾನೂ ಆಕಿನ್ನ ಬಂಡಿ ಹತ್ತಿಸಿ ಹಿಂಗ ಅಂದಿದ್ದ. ಆಮ್ಯಾಲ ಆಕಿಗೆ ಅವನ ಟೊಪ್ಪಿಗಿ ಅಷ್ಟ ಬಂತು.”

ಅವನು ರಟ್ಟೀಹಳ್ಳಿ ಬಸ್ಸು ಬಂದ ಕೂಡಲೇ ಓಡಿಹೋಗಿ, ಕಿಟಕಿಯಿಂದ ಬ್ಯಾಗು ತೂರಿಸಿ ಅವಳಿಗೆ ಸೀಟು ಹಿಡಿದ. ಅವಳು ಹತ್ತಿದಳು. ಬ್ಯಾಗು ಎತ್ತಿಕೊಂಡು ಮತ್ತೆ ಇಳಿದಳು.

“ಯಾಕ ಇಳದಿ? ಬಸ್ಸು ಬಿಡತೈತಿ!”

“ಬಿಡ್ಲಿ. ಆಕಿ ಅಲ್ಲೇ ಇದ್ದಿದ್ರ ಅಂವಾ ಒಬ್ಬನ ಸಾಯ್ತಿರಲಿಲ್ಲ.”

“ಇಬ್ಬರೂ ಸಾಯ್ತಿದ್ರು.”

“ಇಲ್ಲಾ, ಇಬ್ಬರೂ ಹೊಂಟುಹೋಗ್ತಿದ್ರು. ನಮ್ಮದು ಯಾವುದು ಅಂತ ನೀವ ಹೇಳ್ರಿ.”

ತಡಸದ ಬಸ್ಸು ಆಚೆ ನಿಂತಿತ್ತು. ಅವಳು ಅತ್ತ ನಡೆದಳು. ಅವನು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು ಹಿಂದೆಯೇ ಹತ್ತಿದ.