ಎರಡು ಸಲವೂ ಬಲಗಡೆಗೇ ಬಿದ್ದ ಹೂ

ಯಾವುದೋ ಒಂದು ಊರು. ಅಲ್ಲೊಬ್ಬ ಸಾಹುಕಾರ, ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟಿನ ಕಾರ್ಖಾನೆಯ ಧಣಿ. ಒಬ್ಬಳೇ ಮಗಳು. ಅವಳನ್ನು ತ್ರಿವೇಣಿ ಅಂತ ಕರೆಯೋಣ. ಇಂಜಿನಿಯರಿಂಗ್ ಮುಗಿಸಿದ್ದಳು. ಒಳ್ಳೆಯ ಅಂಕ, ಒಳ್ಳೆಯ ಗುಣ. ಒಂದೇ ಒಂದು ಕೆಟ್ಟ ಅಭ್ಯಾಸ. ಏನು ಗೊತ್ತೇ? ಯಾರು ಏನು ಹೇಳಿದರೂ "ಹೂಂ" ಅನ್ನುವುದು. ನಗುತ್ತೀರಲ್ಲ, ಇದನ್ನೇ ಅಲ್ಲವೇ ನಾವು ಮನೆಗಳಲ್ಲಿ ವಿಧೇಯತೆ ಅಂತ ಹೊಗಳುವುದು?

ಅಪ್ಪ ಹೇಳಿದ, "ಎಂಬಿಎ ಮಾಡು ತಾಯಿ. ನಾಳೆ ಕಾರ್ಖಾನೆ ನಡೆಸುವವಳು ನೀನು." ಹೂಂ ಅಂದಳು. ಅಮ್ಮ ಅಡುಗೆಮನೆಗೆ ಕರೆದು ಹೇಳಿದಳು, "ಎಂ.ಟೆಕ್ ಮಾಡೇ. ಕಾಲೇಜಲ್ಲಿ ಲೆಕ್ಚರರ್ ಆಗು. ನಾಲ್ಕು ಗಂಟೆಗೆಲ್ಲ ಮನೆ, ಬೇಸಿಗೆ ರಜೆ ಬೇರೆ." ಅದಕ್ಕೂ ಹೂಂ. ಎರಡಕ್ಕೂ ಅರ್ಜಿ ಹಾಕಿದಳು, ಎರಡರಲ್ಲೂ ಸೀಟು ಸಿಕ್ಕಿತು. ಸೇರುವುದಕ್ಕೆ ನಾಳೆಯೇ ಕೊನೆಯ ದಿನ ಅನ್ನುವ ಹೊತ್ತಿಗೆ ತ್ರಿವೇಣಿ ಎರಡೂ ಸೀಟಿನ ಕಾಗದ ಮುಂದಿಟ್ಟುಕೊಂಡು ಕೂತಳು. ಓದುವ ಎರಡು ವರ್ಷ ಅವಳದು, ಆಮೇಲಿನ ಬದುಕೂ ಅವಳದೇ ಅಲ್ಲವೇ?

ಆ ಊರಲ್ಲಿ ಒಂದು ಪದ್ಧತಿ. ದೊಡ್ಡ ಕೆಲಸ ಏನಿದ್ದರೂ ಊರದೇವಿಯ ಮುಂದೆ ಹೂ ಕೇಳುತ್ತಾರೆ. ಮನಸ್ಸಿನಲ್ಲಿ ನೆನೆದು ಕೈಮುಗಿದು ನಿಂತಾಗ ದೇವಿಯ ಮೈಮೇಲಿನ ಹೂ ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಸಾಹುಕಾರ ಹೆಂಡತಿಗೆ ಹೇಳದೆ ಹೋಗಿ "ಎಂಬಿಎ ಆಗಬಹುದೇ ತಾಯಿ" ಎಂದು ಕೇಳಿದ. ಬಲಗಡೆ ಬಿತ್ತು. ಅವನ ಹೆಂಡತಿ ಗಂಡನಿಗೆ ಹೇಳದೆ ಹಿಂದಿನ ದಿನವೇ ಹೋಗಿ ಎಂ.ಟೆಕ್ ಕೇಳಿ ಬಂದಿದ್ದಳು. ನೋಡಿ, ಅದೂ ಬಲಗಡೆಯೇ!

ನಡುಮನೆಯಲ್ಲಿ ಗಂಡ ಹೆಂಡಿರ ಜಗಳ ಶುರುವಾಯಿತು.

"ದೇವಿ ನನಗೆ ಅಪ್ಪಣೆ ಕೊಟ್ಟಿದ್ದಾಳೆ ಕಣೇ!"

"ನನಗೇನು ಪಕ್ಕದ ಮನೆಯವರು ಕೊಟ್ಟರಾ?"

"ನೀನು ಸರಿಯಾಗಿ ನೋಡಿಲ್ಲ. ಎಡಗಡೆ ಬಿದ್ದಿರುತ್ತೆ."

"ಕನ್ನಡಕ ಹುಡುಕ್ಕೊಂಡು ಓಡಾಡೋರು ನೀವು, ನಾನಲ್ಲ."

ಕೊನೆಗೆ ಮಗಳನ್ನೂ ಕರೆದುಕೊಂಡು ಗುಡಿಗೆ ಹೋದರು. ಮುದುಕ ಪೂಜಾರಿ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದೇವಿಯದೇನು ತಪ್ಪು, ಯಜಮಾನ್ರೇ? ನೀವು ನಿಮ್ಮ ಆಸೆ ಕೇಳಿದ್ರಿ, ಅಮ್ಮಾವ್ರು ಅವರ ಆಸೆ ಕೇಳಿದ್ರು. ಓದೋ ಹುಡುಗಿ ಏನು ಕೇಳಿದಳು?"

ತ್ರಿವೇಣಿ ಮುಂದೆ ಬಂದು ಕೈಮುಗಿದಳು, ಕಣ್ಣು ಮುಚ್ಚಿದಳು. ನಿಂತೇ ಇದ್ದಳು. ಆಮೇಲೆ ತಿರುಗಿದಾಗ ಕಣ್ಣಲ್ಲಿ ನೀರು. "ಏನು ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ, ತಾತ."

"ಅಳಬೇಡ, ಇಲ್ಲಿ ಕೂತ್ಕೋ. ರೈತನೊಬ್ಬ ಕೆಟ್ಟ ಪಂಪು ತಂದು ನಿಮ್ಮ ಕಾರ್ಖಾನೆ ಬಾಗಿಲಲ್ಲಿ ಇಳಿಸ್ತಾನೆ. ಬಾಯಿಗೆ ಬಂದಂಗೆ ಬೈತಾ ಇದ್ದಾನೆ. ನಿನ್ನ ಕಾಲು ಮೊದಲು ಯಾರ ಹತ್ತಿರ ಹೋಗುತ್ತೆ? ರೈತನ ಹತ್ತಿರವೋ, ಪಂಪಿನ ಹತ್ತಿರವೋ?"

"ಪಂಪಿನ ಹತ್ತಿರ!" ಮಾತು ತಾನಾಗಿ ಬಂತು. "ಹಳ್ಳಿಯಲ್ಲಿ ವೋಲ್ಟೇಜು ಇಳೀತಿದ್ದ ಹಾಗೆ ನಮ್ಮ ಮೋಟಾರು ಸುಟ್ಟುಹೋಗುತ್ತೆ ತಾತ. ಪ್ರತಿ ಬೇಸಿಗೆ ಅಂಥವೇ ವಾಪಸ್ ಬರೋದು. ಸುಡದೆ ಇರೋ ಹಾಗೆ ಮಾಡೋದು ಹೇಗೆ ಅಂತ ನನಗೆ ಅದೇ ಯೋಚನೆ."

"ಮತ್ತೆ ಆ ಬೈಯೋ ರೈತ?"

"ಅಪ್ಪ ಇದ್ದಾರಲ್ಲ. ಟೀ ಕುಡಿಸಿ ಸಮಾಧಾನ ಮಾಡ್ತಾರೆ."

ಎಲ್ಲರಿಗಿಂತ ಮೊದಲು ನಕ್ಕವನು ಸಾಹುಕಾರನೇ. ಇಷ್ಟು ವರ್ಷ ಅವನು ಮಾಡಿಕೊಂಡು ಬಂದದ್ದು ಅದನ್ನೇ ತಾನೆ! ಹೆಂಡತಿ ಗೆದ್ದವಳ ಹಾಗೆ, "ನೋಡಿದ್ರಾ, ಎಂ.ಟೆಕ್ಕೇ!" ಅಂದಳು. ತ್ರಿವೇಣಿ ಈ ಸಲ ಹೂಂ ಅನ್ನಲಿಲ್ಲ. "ಓದ್ತೀನಮ್ಮಾ. ಆದರೆ ಲೆಕ್ಚರರ್ ಆಗಲ್ಲ. ಕಾರ್ಖಾನೆಗೇ ವಾಪಸ್ ಬರ್ತೀನಿ."

"ವ್ಯಾಪಾರ ಯಾರು ನೋಡ್ತಾರೆ?" ಅಂದ ಅಪ್ಪ.

"ಅದನ್ನ ಓದಿದವರನ್ನ ಕರೀರಿ ಅಪ್ಪಾ. ಸುಡದ ಮೋಟಾರು ಕೈಗೆ ಕೊಟ್ಟರೆ ಅವರಿಗೂ ಮಾರೋದು ಸುಲಭ."

ಮರುದಿನ ಹೋಗಿ ಎಂ.ಟೆಕ್‌ಗೆ ಸೇರಿದಳು. ಕರೆದುಕೊಂಡು ಹೋದವನು ಅಪ್ಪನೇ.

ನೋಡಿ, ಎಂ.ಟೆಕ್ ದೊಡ್ಡದು, ಎಂಬಿಎ ಸಣ್ಣದು ಅಂತ ಕೇಳಿಸಿಕೊಂಡು ಹೋಗಬೇಡಿ. ಇನ್ನೊಬ್ಬ ಹುಡುಗಿಯ ಕಾಲು ರೈತನ ಹತ್ತಿರವೇ ಹೋದೀತು. ಇವನ ಬಾವಿ ಎಷ್ಟು ಆಳ, ಅಂಗಡಿಯವನು ಏನು ಹೇಳಿ ಈ ಪಂಪು ಕೊಟ್ಟ, ಇವನನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಅವಳ ತಲೆ ಓಡೀತು. ಅವಳಿಗೆ ಎಂಬಿಎಯೇ ಸರಿ. ಓದು ಎರಡೂ ಒಳ್ಳೆಯದೇ. ತಪ್ಪು ಎಲ್ಲಿದೆ? ನಾವು ನಮ್ಮ ಆಸೆಯನ್ನು ದೇವರ ಬಾಯಲ್ಲಿ ಹೇಳಿಸುತ್ತೇವಲ್ಲ, ಅಲ್ಲಿದೆ. ಮಕ್ಕಳು ಜಗಳ ಯಾಕೆ ಅಂತ ಹೂಂ ಅಂದುಬಿಡುತ್ತಾರಲ್ಲ, ಅಲ್ಲಿದೆ.

ಮಕ್ಕಳೇ, ಅರ್ಜಿ ತುಂಬುವ ಮೊದಲು ಒಂದು ವಾರ ಆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಲ್ಲಿ. ತಾಯಂದಿರೇ, ಯಜಮಾನರೇ, ಇವತ್ತು ಊಟಕ್ಕೆ ಕೂತಾಗ ಮಗನನ್ನೋ ಮಗಳನ್ನೋ ಕೇಳಿ, "ಯಾವ ಕೆಲಸ ಮಾಡುವಾಗ ನಿನಗೆ ಹೊತ್ತು ಹೋದದ್ದೇ ತಿಳಿಯಲ್ಲ?" ಕೇಳಿದ ಮೇಲೆ ನೀವು ಮಾಡಬೇಕಾದದ್ದು ಬಹಳ ಕಷ್ಟದ ಕೆಲಸ. ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಅನ್ನ ಕಲಸುತ್ತಾ ಇರಿ.